ಹಳೇ ಡೀಸೆಲ್ ಪಿಕಪ್ ಕೊಳ್ಳುವ ಮುಂಚೆ ಎಂಜಿನ್ ಮುಟ್ಟಿ ನೋಡು

ಪ್ರಶ್ನೆ: ಸರ್, ನನಗೆ ಮುಂದಿನ ತಿಂಗಳು 18 ತುಂಬುತ್ತದೆ. ರಜೆಯಲ್ಲಿ ಕೆಲಸ ಮಾಡಿ ದುಡ್ಡು ಕೂಡಿಟ್ಟಿದ್ದೇನೆ. ಸೆಕೆಂಡ್ ಹ್ಯಾಂಡ್ ಡೀಸೆಲ್ ಪಿಕಪ್ ತಗೊಳ್ಳುವ ಆಸೆ. ಒಂದನ್ನು ನೋಡಿಟ್ಟಿದ್ದೇನೆ. ಅದಕ್ಕೆ 12 ವರ್ಷ, 2,10,000 ಕಿ.ಮೀ. ಓಡಿದೆ, ಎಂಜಿನ್ನಿಗೆ ಜಾಸ್ತಿ ಗಾಳಿ ತುಂಬುವ ಟರ್ಬೊ ಇದೆ. ‘ಡೀಸೆಲ್ ಎಂಜಿನ್, ಇನ್ನೂ ಇಷ್ಟೇ ಓಡುತ್ತೆ’ ಅಂತ ಮಾರುವವರು ಹೇಳುತ್ತಾರೆ. ‘ಡೀಸೆಲ್ ಗಾಡಿ ಕೆಟ್ಟರೆ ನಿನ್ನ ಕೈಲಿ ತಡೆಯೋಕಾಗಲ್ಲ’ ಅಂತ ಅಪ್ಪ ಹೇಳುತ್ತಾರೆ. ಯಾರ ಮಾತು ನಂಬಲಿ? ಕೊಳ್ಳುವಾಗ ಏನೇನು ನೋಡಬೇಕು? ಸಣ್ಣಪುಟ್ಟ ಕೆಲಸ ನಾನೇ ಮಾಡಿಕೊಳ್ಳಬಹುದಾ?

ಉತ್ತರ: ಇಬ್ಬರ ಮಾತೂ ನಿಜ. ಮಾರುವವರು ಎಂಜಿನ್ ಬಗ್ಗೆ ಹೇಳುತ್ತಿದ್ದಾರೆ, ನಿನ್ನಪ್ಪ ಅದಕ್ಕೆ ಡೀಸೆಲ್ ಕೊಡುವ ಪಂಪು, ಇಂಜೆಕ್ಟರುಗಳ ಖರ್ಚಿನ ಬಗ್ಗೆ ಹೇಳುತ್ತಿದ್ದಾರೆ.

ಡೀಸೆಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿಗೆ ಬಂದ ಗಾಳಿಯನ್ನು ಹದಿನೈದು–ಇಪ್ಪತ್ತು ಪಟ್ಟು ಒತ್ತಿದಾಗ ಅದು 500 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿಯಾಗುತ್ತದೆ. ಆ ಬಿಸಿ ಗಾಳಿಗೆ ಡೀಸೆಲ್ ಚಿಮ್ಮಿದರೆ ತಾನಾಗಿ ಹೊತ್ತಿಕೊಳ್ಳುತ್ತದೆ. ಇಷ್ಟು ಒತ್ತಡ ತಡೆಯಬೇಕು ಅಂತ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಎಲ್ಲವನ್ನೂ ಗಟ್ಟಿಯಾಗಿ ಮಾಡಿರುತ್ತಾರೆ. ಹಾಗಾಗಿ ಚೆನ್ನಾಗಿ ನೋಡಿಕೊಂಡ ಡೀಸೆಲ್ ಎಂಜಿನ್‌ಗೆ ಎರಡು ಲಕ್ಷ ಕಿಲೋಮೀಟರ್ ದೊಡ್ಡ ವಯಸ್ಸೇನಲ್ಲ.

ಆದರೆ ಡೀಸೆಲ್ ಚಿಮ್ಮಿಸುವ ಭಾಗ ಬಹಳ ನಾಜೂಕು. ಕಾಮನ್ ರೈಲ್ (ಎಲ್ಲ ಇಂಜೆಕ್ಟರಿಗೂ ಒಂದೇ ಪೈಪಿನಿಂದ ಒತ್ತಡದ ಡೀಸೆಲ್ ಕೊಡುವ) ಎಂಜಿನ್‌ನಲ್ಲಿ ಆ ಒತ್ತಡ 1,600ರಿಂದ 2,000 ಬಾರ್‌ವರೆಗೂ ಏರುತ್ತದೆ. ಕಾರಿನ ಟೈರಿನಲ್ಲಿ ಇರುವುದು ಎರಡು ಬಾರ್ ಚಿಲ್ಲರೆ. ಪಂಪಿನ ಒಳಗಿನ ಭಾಗಗಳ ನಡುವೆ ಕೆಲವೇ ಮೈಕ್ರಾನ್ ಸಂದು. ಅಲ್ಲಿಗೆ ಸ್ವಲ್ಪ ನೀರೋ ದೂಳೋ ಹೋದರೆ ಸಾಕು, ಸವೆಯಲು ಶುರುವಾಗುತ್ತದೆ. ಪಂಪು ಒಳಗೇ ಸವೆದು ಲೋಹದ ಪುಡಿ ಬಿಟ್ಟರೆ ಅದು ಎಲ್ಲ ಇಂಜೆಕ್ಟರಿಗೂ ಹೋಗುತ್ತದೆ. ಆಗ ಬರುವ ಬಿಲ್ಲು ಹಳೇ ಗಾಡಿಯ ಬೆಲೆಯನ್ನೇ ಮುಟ್ಟಬಹುದು. ನಿನ್ನಪ್ಪನ ಭಯಕ್ಕೆ ಕಾರಣ ಇದೆ.

ಹಾಗಾಗಿ ಎಷ್ಟು ಓಡಿದೆ ಅನ್ನುವುದಕ್ಕಿಂತ, ಹಿಂದಿನವರು ಡೀಸೆಲ್ ಫಿಲ್ಟರ್ ಎಷ್ಟು ಸಲ ಬದಲಿಸಿದ್ದಾರೆ ಅನ್ನುವುದನ್ನು ಮೊದಲು ಕೇಳು. ಬಿಲ್ ತೋರಿಸಲು ಹೇಳು. ಬಿಲ್ ಇಟ್ಟುಕೊಂಡಿರುವ ಮಾಲೀಕರು ಸಿಕ್ಕರೆ ಅರ್ಧ ಕೆಲಸ ಆದಂತೆ.

ಇನ್ನರ್ಧ ಗಾಡಿಯ ಹತ್ತಿರ ಆಗಬೇಕು. ಮೊದಲೇ ಫೋನ್ ಮಾಡಿ, ‘ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ’ ಅಂತ ಹೇಳು. ಬೆಳಿಗ್ಗೆಯೇ ಹೋಗು. ಬಾನೆಟ್ ಎತ್ತಿಸಿ ಎಂಜಿನ್ ಮೇಲೆ ಕೈ ಇಡು. ಬೆಚ್ಚಗಿದ್ದರೆ ಅವತ್ತು ನೋಡಬೇಡ, ಇನ್ನೊಂದು ದಿನ ಬರುತ್ತೇನೆ ಅಂತ ಹೇಳಿ ಬಾ. ನಾಚಿಕೆಪಡಬೇಡ, ಅದು ನಿನ್ನ ದುಡ್ಡು. ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ) ಕಮ್ಮಿ ಆಗಿರುವುದು, ಸ್ಟಾರ್ಟ್ ಮಾಡುವ ಮುಂಚೆ ಸಿಲಿಂಡರ್ ಬಿಸಿ ಮಾಡುವ ಹೀಟರ್ ಪ್ಲಗ್ ಸತ್ತಿರುವುದು, ಇಂಜೆಕ್ಟರ್ ತೊಟ್ಟಿಕ್ಕುವುದು, ರಾತ್ರಿಯೆಲ್ಲ ನಿಂತಾಗ ಡೀಸೆಲ್ ಲೈನಿಗೆ ಗಾಳಿ ಹೋಗುವುದು, ಈ ಎಲ್ಲ ಕಾಯಿಲೆಯೂ ಎಂಜಿನ್ ತಣ್ಣಗಿದ್ದಾಗ ಮಾತ್ರ ಚೆನ್ನಾಗಿ ಕಾಣುತ್ತದೆ. ಬಿಸಿಯಾದ ಮೇಲೆ ಎಲ್ಲವೂ ಮರೆಯಾಗುತ್ತದೆ.

ಹೀಟರ್ ದೀಪ ಆರಿದ ಮೇಲೆ ಸೆಲ್ಫ್ ಹೊಡೆಯಲಿ. ನೀನು ಸೈಲೆನ್ಸರ್ ಕಾಣುವ ಕಡೆ ನಿಂತುಕೋ. ತಣ್ಣನೆಯ ಹೊತ್ತಿನಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ಬೇಗ ನಿಂತರೆ ಚಿಂತೆ ಇಲ್ಲ. ಬಿಳಿ ಹೊಗೆ ನಿಲ್ಲದೆ ಎಂಜಿನ್ ಕುಂಟುತ್ತಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ತೊಂದರೆ. ಅದರಲ್ಲಿ ಸಿಹಿ ವಾಸನೆಯೂ ಇದ್ದರೆ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ) ಒಳಗೆ ಉರಿಯುತ್ತಿದೆ, ಅದನ್ನು ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ: ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಅಥವಾ ಟರ್ಬೊ ಸವೆದಿರಬಹುದು. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಹಳೇ ಎಂಜಿನ್ ಒಂದು ಸಲ ಕಪ್ಪು ಉಗುಳಿದರೆ ಪರವಾಗಿಲ್ಲ. ಕಪ್ಪು ಹೊಗೆ ಬರುತ್ತಲೇ ಇದ್ದರೆ ಗಾಳಿ ಸಾಲುತ್ತಿಲ್ಲ ಅಥವಾ ಡೀಸೆಲ್ ಜಾಸ್ತಿ ಹೋಗುತ್ತಿದೆ. ಏರ್ ಫಿಲ್ಟರ್ ಕಟ್ಟಿಕೊಂಡಿದ್ದರೆ ಅದು ಸಣ್ಣ ಕೆಲಸ, ಇಂಜೆಕ್ಟರ್ ಆದರೆ ದೊಡ್ಡದು.

ಎಂಜಿನ್ ಬಿಸಿಯಾದ ಮೇಲೆ ಬ್ಯಾಕ್ ಕಂಪ್ರೆಷನ್ ನೋಡು, ಅಂದರೆ ಸಿಲಿಂಡರಿನ ಒತ್ತಡ ಪಿಸ್ಟನ್ ದಾಟಿ ಕೆಳಗೆ ಸೋರುತ್ತಿದೆಯಾ ಅಂತ. ನ್ಯೂಟ್ರಲ್‌ನಲ್ಲಿ ಸುಮ್ನೆ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ, ತೂತಿನ ಮೇಲೆ ಹಾಗೇ ಇಡು. ಮುಖ ಪಕ್ಕಕ್ಕಿರಲಿ, ಆಯಿಲ್ ಸಿಡಿಯಬಹುದು. ಸ್ವಲ್ಪ ಆವಿ ಬರುವುದು ಸಹಜ. ಮುಚ್ಚಳ ಕುಣಿದು ಹಾರಿಹೋಗುವಷ್ಟು ರಭಸವಾಗಿ ಹೊಗೆ ಬಂದರೆ ರಿಂಗ್, ಸಿಲಿಂಡರ್ ಸವೆದಿವೆ. ಅಂಥ ಗಾಡಿಯನ್ನು ಎಷ್ಟು ಕಮ್ಮಿಗೆ ಕೊಟ್ಟರೂ ಬೇಡ.

ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ಎಳೆದಾಗ ಆಯಿಲ್ ಕಪ್ಪಗಿದ್ದರೆ ಹೆದರಬೇಡ. ಮಸಿ ಸೇರುವುದರಿಂದ ಡೀಸೆಲ್ ಎಂಜಿನ್ ಆಯಿಲ್ ಬದಲಿಸಿದ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ. ಹಾಲು ಬೆರೆಸಿದಂತೆ ಇದ್ದರೆ ನೀರು ಸೇರಿದೆ. ಗೆರೆಗಿಂತ ಮೇಲಿದ್ದು ಡೀಸೆಲ್ ವಾಸನೆ ಬಂದರೆ ಆಯಿಲಿಗೆ ಡೀಸೆಲ್ ಇಳಿದಿದೆ. ಎರಡೂ ಕೆಟ್ಟದ್ದೇ.

ಆಮೇಲೆ ಕೆಳಗೆ ಬಗ್ಗಿ ಚಾಸಿ ನೋಡು. ಪಿಕಪ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲ ಭಾರವನ್ನೂ ಹೊರುವುದು ಆ ಎರಡು ಉದ್ದ ಉಕ್ಕಿನ ತೊಲೆಗಳು. ತುಕ್ಕು ಹಿಡಿದ ಕಡೆ ಸ್ಕ್ರೂಡ್ರೈವರ್‌ನಿಂದ ಒತ್ತು. ಪದರ ಉದುರಿದರೆ ಅಥವಾ ತೂತು ಬಿದ್ದರೆ ಅಲ್ಲಿಗೇ ಬಿಡು. ಎಂಜಿನ್ ಬದಲಿಸಬಹುದು, ಕೊಳೆತ ಚಾಸಿ ನೆಚ್ಚಿ ಓಡಾಡಲು ಆಗಲ್ಲ. ಹಳೇ ಗಾಡಿಯ ಅಡಿಗೆ ಮಾತ್ರ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಯಾಕೆ ಅಂತ ಕೇಳು. ಲೀಫ್ ಸ್ಪ್ರಿಂಗ್ ಪಟ್ಟಿ ಮುರಿದಿದೆಯಾ, ಹಿಂದಿನ ತೊಟ್ಟಿಯ ತಳ ಬಗ್ಗಿದೆಯಾ, ಟ್ರೇಲರ್ ಎಳೆಯುವ ಕೊಂಡಿ ಸವೆದಿದೆಯಾ ನೋಡಿದರೆ ಎಷ್ಟು ಭಾರ ಹೊತ್ತಿದೆ ಅಂತ ಗೊತ್ತಾಗುತ್ತದೆ. ಮೀಟರ್ ಕಮ್ಮಿ ತೋರಿಸುತ್ತಿದ್ದು ಪೆಡಲ್ ರಬ್ಬರ್, ಸ್ಟೀರಿಂಗ್ ನುಣ್ಣಗಾಗಿದ್ದರೆ ಮೀಟರನ್ನು ನಂಬಬೇಡ.

ಟೈಮಿಂಗ್ ಬೆಲ್ಟ್ (ವಾಲ್ವು, ಪಿಸ್ಟನ್ ಎರಡನ್ನೂ ಹೊಂದಿಸಿ ಓಡಿಸುವ ಪಟ್ಟಿ) ಇರುವ ಎಂಜಿನ್ ಆದರೆ ಅದನ್ನು ಬದಲಿಸಿದ ಬಿಲ್ ಬೇಕೇಬೇಕು. ಇಲ್ಲದಿದ್ದರೆ ಬದಲಿಸಿಲ್ಲ ಅಂತಲೇ ತಿಳಿದು, ಕೊಂಡ ಕೂಡಲೇ ಹಾಕಿಸು. ಅದು ತುಂಡಾದರೆ ವಾಲ್ವುಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಹಾಳಾಗುತ್ತದೆ.

ಇಷ್ಟು ಪಾಸಾದರೆ, ಮಾರುವವರಿಗೆ ಪರಿಚಯ ಇಲ್ಲದ ಡೀಸೆಲ್ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸು. ಸ್ಕ್ಯಾನರ್ ಹಾಕಿದರೆ ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ತಪ್ಪುಗಳ ಕೋಡ್ ಈಚೆಗೆ ಅಳಿಸಿದ್ದಾರಾ ಅನ್ನುವುದೂ ಎಷ್ಟೋ ಸಲ ತಿಳಿಯುತ್ತದೆ. ಚಾಸಿ ನಂಬರ್ ಕಾಗದದ ಜೊತೆ ತಾಳೆಯಾಗಬೇಕು, ಗಾಡಿ ಮೇಲೆ ಸಾಲ ಬಾಕಿ ಇರಬಾರದು. ಕೂಡಿಟ್ಟ ದುಡ್ಡನ್ನೆಲ್ಲ ಗಾಡಿಗೇ ಸುರಿಯಬೇಡ. ಕಾಲು ಭಾಗವಾದರೂ ರಿಪೇರಿಗೆ ಅಂತ ಇಟ್ಟುಕೋ. ಅದು ಉಳಿಯುವುದಿಲ್ಲ ಅಂದರೆ ಇನ್ನೂ ಕಮ್ಮಿ ಬೆಲೆಯ ಗಾಡಿ ನೋಡು, ಇಲ್ಲವೇ ಕೆಲವು ತಿಂಗಳು ಕಾಯು.

ಇನ್ನು ನೀನೇ ಮಾಡಿಕೊಳ್ಳುವ ಕೆಲಸ. ನಿನಗೆ ಆ ಆಸೆ ಇರುವುದು ನನಗೆ ಬಹಳ ಖುಷಿ. ಗಾಡಿ ಬಂದ ಕೂಡಲೇ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್ ಹೊಸದು ಹಾಕು. ಆಗ ಲೆಕ್ಕ ನಿನ್ನಿಂದ ಶುರುವಾಗುತ್ತದೆ. ದಿನಾಂಕ, ಕಿ.ಮೀ. ಬರೆಯಲು ಒಂದು ಪುಸ್ತಕ ಗಾಡಿಯಲ್ಲೇ ಇರಲಿ. ಆಯಿಲ್ ಯಾವುದು ಅನ್ನುವುದನ್ನು ಗಾಡಿಯ ಕೈಪಿಡಿ ನೋಡಿಯೇ ತಗೋ. ಡೀಸೆಲ್ ಫಿಲ್ಟರ್ ಬದಲಿಸುವಾಗ ಕೈ, ಸುತ್ತಲಿನ ಜಾಗ ಎರಡೂ ಶುಭ್ರವಾಗಿರಲಿ. ಆಮೇಲೆ ಕೈಪಂಪು ಒತ್ತಿ ಗಾಳಿ ತೆಗೆಯದಿದ್ದರೆ ಏರ್ ಲಾಕ್ ಆಗಿ ಗಾಡಿ ಸ್ಟಾರ್ಟ್ ಆಗಲ್ಲ. ಫಿಲ್ಟರಿನ ತಳದಲ್ಲಿ ನೀರು ಬಿಡುವ ತಿರುಪು ಇದ್ದರೆ ಆಗಾಗ ಬಿಚ್ಚಿ ನೀರು ಇಳಿಸು. ನಾಜೂಕಾದ ಪಂಪಿಗೆ ನೀನು ಮಾಡಬಹುದಾದ ದೊಡ್ಡ ಉಪಕಾರ ಇದೇ.

ಟರ್ಬೊ ನಿಮಿಷಕ್ಕೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುತ್ತದೆ. ಅದರ ಬೇರಿಂಗ್ ನಿಂತಿರುವುದು ಆಯಿಲ್ ಮೇಲೆ. ಹಾಗಾಗಿ ಸ್ಟಾರ್ಟ್ ಆದ ಕೂಡಲೇ ರೇಸ್ ಕೊಡಬೇಡ. ಭಾರ ಹೊತ್ತು ಏರು ಹತ್ತಿ ಬಂದಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಫ್ ಮಾಡು. ಅಕಸ್ಮಾತ್ ಪೆಟ್ರೋಲ್ ಹಾಕಿಬಿಟ್ಟರೆ ಕೀ ತಿರುಗಿಸಲೇಬೇಡ, ಟ್ಯಾಂಕ್ ಖಾಲಿ ಮಾಡಿಸು. ಪಂಪಿಗೆ ಜಾರು ಕೊಡುವುದು ಡೀಸೆಲ್ಲೇ, ಪೆಟ್ರೋಲಿನಲ್ಲಿ ಆ ಗುಣ ಇಲ್ಲ.

ನೀನು ಮುಟ್ಟಬಾರದ್ದು ಒಂದಿದೆ. ಎಂಜಿನ್ ಓಡುವಾಗ ಪಂಪಿನಿಂದ ಇಂಜೆಕ್ಟರಿಗೆ ಹೋಗುವ ಕಬ್ಬಿಣದ ಪೈಪುಗಳಲ್ಲಿ ಸೋರಿಕೆ ಇದೆಯಾ ಅಂತ ಬೆರಳಿಟ್ಟು ನೋಡಬೇಡ. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗಾಯ, ಒಳಗೆ ಮಾಂಸ ಸಾಯುತ್ತಿರುತ್ತದೆ. ಬೆರಳು, ಕೈ ಕಳೆದುಕೊಂಡವರಿದ್ದಾರೆ. ಹಾಗೇನಾದರೂ ಆದರೆ ನೋವಿಲ್ಲ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ, ಒತ್ತಡದ ಡೀಸೆಲ್ ಒಳಗೆ ಹೋಗಿದೆ ಅಂತ ಸ್ಪಷ್ಟವಾಗಿ ಹೇಳು. ಬರೀ ಜಾಕ್ ನಂಬಿ ಗಾಡಿ ಕೆಳಗೆ ನುಗ್ಗಬೇಡ, ಸ್ಟ್ಯಾಂಡ್ ಇಡು, ಚಕ್ರಕ್ಕೆ ಅಡ್ಡ ಕೊಡು. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡ.

ಪ್ರಶ್ನೆ: ನಾನು ನೋಡಿದ ಪಿಕಪ್‌ನಲ್ಲಿ ಡಿಪಿಎಫ್ ಕಿತ್ತುಹಾಕಿ ಚಿಪ್ ಹಾಕಿದ್ದಾರೆ. ‘ಪವರ್ ಜಾಸ್ತಿ, ತಲೆನೋವು ಕಮ್ಮಿ’ ಅಂತಾರೆ. ತಗೋಬಹುದಾ? ನನಗೆ ದಿನಾ ಓಡಾಟ ಮೂರು–ನಾಲ್ಕು ಕಿ.ಮೀ. ಅಷ್ಟೇ.

ಉತ್ತರ: ಬೇಡ. ಡಿಪಿಎಫ್ ಅಂದರೆ ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್. ಅದನ್ನು ತೆಗೆದ ಗಾಡಿ ರಸ್ತೆಗಿಳಿಸುವುದು ಬಹಳ ದೇಶಗಳಲ್ಲಿ ಕಾನೂನಿಗೆ ವಿರುದ್ಧ, ತಪಾಸಣೆಯಲ್ಲೂ ಪಾಸಾಗಲ್ಲ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಆ ಹೊಗೆಯನ್ನು ನಿನ್ನ ಹಿಂದೆ ಬರುವವರು ಕುಡಿಯುತ್ತಾರೆ. ಇನ್ನು ಚಿಪ್ (ಎಂಜಿನ್ನಿನಿಂದ ಜಾಸ್ತಿ ಪವರ್ ತೆಗೆಸುವ ಸಾಧನ) ಹಾಕಿದ ಗಾಡಿಯ ಕ್ಲಚ್, ಗೇರ್‌ಬಾಕ್ಸ್, ಟರ್ಬೊ ಎಷ್ಟು ಪೆಟ್ಟು ತಿಂದಿವೆ ಅಂತ ಹೊರಗಿನಿಂದ ಹೇಳಲು ಆಗಲ್ಲ.

ಡಿಪಿಎಫ್ ಸರಿಯಾಗಿರುವ ಗಾಡಿ ಸಿಕ್ಕರೂ ನಿನ್ನ ಓಡಾಟಕ್ಕೆ ಅದು ಹೊಂದುವುದಿಲ್ಲ. ಒಳಗೆ ಕೂಡಿದ ಮಸಿ ಸುಡಲು ಸುಮಾರು 600 ಡಿಗ್ರಿ ಬಿಸಿ ಬೇಕು, ಅದಕ್ಕೆ ಗಾಡಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಬೇಕು. ನಾಲ್ಕು ಕಿಲೋಮೀಟರಿಗೆ ಎಂಜಿನ್ನೇ ಸರಿಯಾಗಿ ಬಿಸಿಯಾಗಲ್ಲ. ಭಾರ ಹೊರುವ ಕೆಲಸ ಇಲ್ಲ ಅಂದರೆ ಪೆಟ್ರೋಲ್ ಗಾಡಿ ತಗೋ.

ಪ್ರಶ್ನೆ: ಮಗನಿಗೆ ಈಗ ತಾನೇ ಲೈಸೆನ್ಸ್ ಬಂದಿದೆ, ಪಿಕಪ್ ಬೇಕು ಅಂತ ಹಟ ಹಿಡಿದಿದ್ದಾನೆ. ತಾಯಿಯಾಗಿ ನಾನು ಏನನ್ನು ಗಟ್ಟಿಯಾಗಿ ಹೇಳಬೇಕು?

ಉತ್ತರ: ಅಮ್ಮಾ, ಮೊದಲನೆಯದು ಹಿಂದಿನ ತೊಟ್ಟಿಯಲ್ಲಿ ಯಾರನ್ನೂ ಕೂರಿಸಬಾರದು. ಗೆಳೆಯರು ‘ಇಲ್ಲೇ ಹತ್ತಿರ’ ಅಂತ ಹತ್ತುತ್ತಾರೆ. ಅಲ್ಲಿ ಸೀಟೂ ಇಲ್ಲ, ಬೆಲ್ಟೂ ಇಲ್ಲ, ಒಂದು ಜೋರು ಬ್ರೇಕಿಗೆ ಹೊರಗೆ ಎಸೆಯಲ್ಪಡುತ್ತಾರೆ. ಇದರಲ್ಲಿ ರಿಯಾಯಿತಿ ಕೊಡಬೇಡಿ.

ಇನ್ನೊಂದನ್ನು ಅವನು ಅನುಭವದಿಂದಲೇ ಕಲಿಯಬೇಕು. ಖಾಲಿ ಪಿಕಪ್‌ನ ಹಿಂಭಾಗ ಹಗುರ. ಹಿಂದಿನ ಚಕ್ರ ಎಳೆಯುವ ಗಾಡಿಯಾದರೆ ಒದ್ದೆ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಒತ್ತಿದರೂ ಹಿಂಭಾಗ ಜಾರುತ್ತದೆ. ಭಾರ ತುಂಬಿದಾಗ ಬೇರೆ ಕಷ್ಟ, ನಿಲ್ಲಲು ಜಾಸ್ತಿ ದೂರ ಬೇಕು. ಯಾರಾದರೂ ಅನುಭವಸ್ಥರು ಪಕ್ಕದಲ್ಲಿ ಕೂತು, ಖಾಲಿ ಮೈದಾನದಲ್ಲಿ ಎರಡನ್ನೂ ಅಭ್ಯಾಸ ಮಾಡಿಸಲಿ.

ಟೈರಿಗೆ ನೀವೇ ದುಡ್ಡು ಕೊಟ್ಟರೆ ಒಳ್ಳೆಯದು. ಹಳೇ ಗಾಡಿ ಕೊಂಡ ಹುಡುಗರು ಮೊದಲು ಉಳಿತಾಯ ಮಾಡುವುದು ಅಲ್ಲೇ. ಟೈರಿನ ಪಕ್ಕದಲ್ಲಿ ತಯಾರಿಕೆಯ ನಾಲ್ಕು ಅಂಕಿ ಇರುತ್ತದೆ. 2319 ಅಂತಿದ್ದರೆ 2019ನೇ ವರ್ಷದ 23ನೇ ವಾರ. ಹಲ್ಲು ಚೆನ್ನಾಗಿದ್ದರೂ ಹತ್ತು ವರ್ಷ ದಾಟಿದ್ದರೆ ಬದಲಿಸಿ. ಇನ್ಶೂರೆನ್ಸ್‌ನಲ್ಲಿ ಗಾಡಿ ಓಡಿಸುವವನು ಅವನೇ ಅಂತ ನಿಜವನ್ನೇ ಬರೆಸಿ. ಕಂತು ಕಮ್ಮಿ ಆಗಲಿ ಅಂತ ನಿಮ್ಮ ಹೆಸರು ಕೊಟ್ಟರೆ ಅಪಘಾತವಾದಾಗ ಪರಿಹಾರ ಸಿಗದೇ ಹೋಗಬಹುದು.