ಜೋಯಿಡಾ ಕಲ್ಲಿನ ಮೇಲಿರುವುದು ಜರಿಗಿಡವಾ?

ಜೋಯಿಡಾ ಹತ್ತಿರ ಹಳ್ಳದಲ್ಲಿ ಸಿಕ್ಕ ಕಲ್ಲಿನ ಮೇಲೆ ಕಪ್ಪು ಜರಿಗಿಡದ ಅಚ್ಚಿದೆ, ಅಳಿದುಹೋದ ಬೀಜದ ಜರಿಗಿಡದ (ಜರಿಯಂಥ ಎಲೆಯಿದ್ದು ಬೀಜ ಬಿಡುತ್ತಿದ್ದ ಗಿಡ) ಪಳೆಯುಳಿಕೆಯಾ ಅಂತ ಕೇಳಿದ್ದೀರಿ. ಫೋಟೋ ನೋಡಿದರೆ ಅಲ್ಲ ಮಾರಾಯ್ರೆ, ಅದು ಮ್ಯಾಂಗನೀಸ್ ಬಿಡಿಸಿದ ಚಿತ್ರ. ಕಲ್ಲಿನ ಸೀಳಿನಲ್ಲಿ ಮ್ಯಾಂಗನೀಸ್ ಕರಗಿದ ನೀರು ಇಳಿದು, ಕಪ್ಪು ಆಕ್ಸೈಡ್ ಕವಲು ಕವಲಾಗಿ ಕೂತುಬಿಡುತ್ತದೆ. ಆ ಕಡೆ ಮ್ಯಾಂಗನೀಸ್ ಗಣಿಗಳೇ ಇದ್ದವು, ಅಲ್ವಾ?

ಫೋಟೋ ದೊಡ್ಡದು ಮಾಡಿ ನೋಡಿ. ಕವಲುಗಳೆಲ್ಲ ಸೀಳಿನ ಅಂಚಿನಿಂದಲೇ ಹೊರಟಿವೆ. ನಡುವೆ ದಂಟಿಲ್ಲ, ನರ ಅಂತೂ ಇಲ್ಲವೇ ಇಲ್ಲ.

ಅಲ್ಲದೆ ನಮ್ಮ ಜಿಲ್ಲೆಯ ತಳದ ಕಲ್ಲು ಬಹುಪಾಲು 250 ಕೋಟಿ ವರ್ಷಕ್ಕಿಂತ ಹಳೆಯದು. ಆಗ ನೆಲದ ಮೇಲೆ ಗಿಡವೇ ಇರಲಿಲ್ಲ. ಬೀಜದ ಜರಿಗಿಡಗಳು ಬಂದದ್ದು ಸುಮಾರು 36 ಕೋಟಿ ವರ್ಷದ ಹಿಂದೆ.

ನಮ್ಮ ದೇಶದಲ್ಲಿ ಈ ಗುಂಪಿನ ಹೆಸರುವಾಸಿ ಎಲೆ ಗ್ಲಾಸಾಪ್ಟೆರಿಸ್. ನಾಲಿಗೆಯಂಥ ಎಲೆ, ಮಧ್ಯ ದಪ್ಪ ನರ, ಎರಡೂ ಕಡೆ ಬಲೆ ಬಲೆ ನರಗಳು. 1828ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಬ್ರೋಂಯಾರ್ ಹೆಸರಿಟ್ಟಾಗ ಜರಿಗಿಡ ಅಂತಲೇ ತಿಳಿದಿದ್ದ. ಬೀಜ ಬಿಡುವ ಮರ ಅಂತ ಗೊತ್ತಾದದ್ದು ಎಷ್ಟೋ ಆಮೇಲೆ. ಅದು ಬೇಕಂದ್ರೆ ಪಶ್ಚಿಮ ಬಂಗಾಳದ ರಾಣಿಗಂಜ್, ಜಾರ್ಖಂಡದ ಝರಿಯಾದಂಥ ಕಲ್ಲಿದ್ದಲ ಸೀಮೆಗೆ ಹೋಗಬೇಕು.

ಸುಮ್ನೆ ಆಸಿಡ್ ಹಾಕಿ ಮಾತ್ರ ತೊಳೆಯಬೇಡಿ, ಚಿತ್ರ ಅಳಿಸಿಹೋಗಬಹುದು.