ಕಾಲು ಹಿಡಿದದ್ದು ಓಟದಲ್ಲಿ, ತಪ್ಪಿದ್ದು ಅದಕ್ಕೂ ಮೊದಲೇ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಟ್ರಯಥ್ಲಾನ್

ಪ್ರಶ್ನೆ: ನನಗೆ 41 ವರ್ಷ, ದಾವಣಗೆರೆಯಲ್ಲಿ ಅಂಗಡಿ ಇದೆ. ಮೂರು ವರ್ಷದಿಂದ ಓಡುತ್ತಿದ್ದೇನೆ, 10 ಕಿ.ಮೀ.ಯನ್ನು 55 ನಿಮಿಷದಲ್ಲಿ ಮುಗಿಸುತ್ತೇನೆ. ಈಜು ಚಿಕ್ಕಂದಿನಲ್ಲಿ ತೋಟದ ಬಾವಿಯಲ್ಲಿ ಕಲಿತದ್ದು. ಕಳೆದ ತಿಂಗಳು ಮೊದಲ ಸಲ ಸ್ಪ್ರಿಂಟ್ ಟ್ರಯಥ್ಲಾನ್‌ಗೆ ಇಳಿದೆ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. ನೂರು ಮೀಟರ್ ಈಜುವಷ್ಟರಲ್ಲಿ ಉಸಿರು ಕಟ್ಟಿದಂತಾಯಿತು, ಹೇಗೋ ಮುಗಿಸಿದೆ. ಸೈಕಲ್‌ನಲ್ಲಿ ಹತ್ತಾರು ಜನರನ್ನು ಹಿಂದೆ ಹಾಕಿದೆ. ಆದರೆ ಓಟದ ಎರಡನೇ ಕಿಲೋಮೀಟರಿಗೇ ಮೀನಖಂಡ ಹಿಡಿದುಕೊಂಡಿತು. 5 ಕಿ.ಮೀ.ಗೆ 41 ನಿಮಿಷ! ಓಟವೇ ನನ್ನ ಬಲ, ಅದರಲ್ಲೇ ಸೋತದ್ದು ಯಾಕೆ?

ಉತ್ತರ: ನೀವು ಓಟದಲ್ಲಿ ಸೋತಿಲ್ಲ. ನೀರಿನಲ್ಲಿ ಸಾಲ ಮಾಡಿದಿರಿ, ಸೈಕಲ್ ಮೇಲೆ ಅದಕ್ಕೆ ಬಡ್ಡಿ ಸೇರಿಸಿದಿರಿ, ಓಟದಲ್ಲಿ ವಸೂಲಿಗೆ ಬಂದರು. ಅದೇ ಕ್ರಮದಲ್ಲಿ ನೋಡೋಣ.

ಬಾವಿಯಲ್ಲಿ ಕಲಿತವರು ನೀರಿಗೆ ಹೆದರುವುದಿಲ್ಲ, ಅದು ದೊಡ್ಡ ಆಸ್ತಿ. ಆದರೆ ಬಾವಿ ಈಜಿನಲ್ಲಿ ತಲೆ ಸದಾ ನೀರಿನ ಮೇಲಿರುತ್ತದೆ. ತಲೆ ಎತ್ತಿದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ. ಮಲಗಿ ಸಾಗಬೇಕಾದ ದೇಹ ಓರೆಯಾಗಿ ನಿಂತು ನೀರನ್ನು ತಳ್ಳುತ್ತದೆ. ಬಾವಿಯ ಹತ್ತು ಮೀಟರಿಗೆ ಅದು ಲೆಕ್ಕಕ್ಕಿಲ್ಲ, 750 ಮೀಟರಿಗೆ ತೊಡೆಯ ಶಕ್ತಿಯೆಲ್ಲ ಅಲ್ಲೇ ಮುಗಿಯುತ್ತದೆ.

ಉಸಿರು ಕಟ್ಟಿದ್ದಕ್ಕೆ ಕಾರಣ ಬೇರೆ. ಹೊಸಬರು ಮುಖ ನೀರಿನಲ್ಲಿದ್ದಾಗ ಉಸಿರು ಹಿಡಿದಿಟ್ಟುಕೊಂಡು, ಮುಖ ತಿರುಗಿಸಿದ ಅರೆಗಳಿಗೆಯಲ್ಲಿ ಬಿಡುವುದು, ಎಳೆಯುವುದು ಎರಡನ್ನೂ ಮಾಡಲು ಹೋಗುತ್ತಾರೆ. ಒಳಗೆ ಇಂಗಾಲದ ಡೈಆಕ್ಸೈಡ್ ಉಳಿದುಬಿಡುತ್ತದೆ, ಎದೆಯಲ್ಲಿ ಜಾಗವಿಲ್ಲ ಅನ್ನಿಸುತ್ತದೆ. ಜೊತೆಗೆ ಪಕ್ಕದವರ ಕೈಕಾಲು ತಾಗುವ ಗದ್ದಲ, ಬೆಚ್ಚಗಾಗದ ದೇಹ, ಶುರುವಿನ ಆವೇಶ. ಔಷಧಿ ಒಂದೇ: ಮುಖ ನೀರಿನಲ್ಲಿದ್ದಷ್ಟು ಹೊತ್ತೂ ಮೂಗು ಬಾಯಿಂದ ಗುಳ್ಳೆ ಹೊರಡುತ್ತಿರಬೇಕು. ಪ್ರತಿ ಸಲ ಕೊಳಕ್ಕೆ ಹೋದಾಗ ಮೊದಲ ಐದು ನಿಮಿಷ ಈಜಬೇಡಿ. ಅಂಚು ಹಿಡಿದು ಮುಳುಗಿ ಗುಳ್ಳೆ ಬಿಡಿ, ಎದ್ದು ಉಸಿರೆಳೆಯಿರಿ; ಹೀಗೆ 20 ಸಲ.

ಆಮೇಲೆ ದೂರ. 25 ಮೀಟರ್ ಕೊಳದಲ್ಲಿ 750 ಮೀಟರ್ ಎಂದರೆ 30 ಉದ್ದ. ಮೊದಲ ವಾರವೇ ಒಂದೇ ಉಸಿರಿಗೆ ಮುಗಿಸಲು ಹೋಗಬೇಡಿ. 50 ಮೀಟರ್ ಈಜು, 20 ಸೆಕೆಂಡ್ ವಿರಾಮ, ಹೀಗೆ 12 ಸಲ; ಎರಡು ವಾರದ ಬಳಿಕ 100 ಮೀಟರಿನ ಎಂಟು ಸುತ್ತು; ಎರಡು ತಿಂಗಳ ಹೊತ್ತಿಗೆ 400 ಮೀಟರ್ ನಿಲ್ಲದೆ. ವಾರಕ್ಕೆ ಮೂರು ದಿನ ಅರ್ಧರ್ಧ ಗಂಟೆ ಈಜುವುದು ಭಾನುವಾರ ಒಂದೇ ದಿನ ಎರಡು ಗಂಟೆ ಈಜುವುದಕ್ಕಿಂತ ಮೇಲು.

ಕೆರೆಯಲ್ಲಿ ತಳದ ಗೆರೆ ಕಾಣುವುದಿಲ್ಲ. ಎಂಟು ಹತ್ತು ಸಲ ಕೈ ಬೀಸಿದ ಮೇಲೊಮ್ಮೆ ಕಪ್ಪೆಯ ಹಾಗೆ ಕಣ್ಣಷ್ಟೇ ಮೇಲೆತ್ತಿ, ದಾರಿ ತೋರಲು ತೇಲಿಬಿಟ್ಟ ಬಲೂನು ಎಲ್ಲಿದೆ ನೋಡಿ, ಉಸಿರನ್ನು ಪಕ್ಕಕ್ಕೆ ತಿರುಗಿಯೇ ತೆಗೆದುಕೊಳ್ಳಿ. ಇಷ್ಟು ಮಾಡದವರು ಸೊಟ್ಟ ಹೋಗಿ 750ರ ಬದಲು 850 ಮೀಟರ್ ಈಜಿರುತ್ತಾರೆ. ಸ್ಪರ್ಧೆಯಲ್ಲಿ ಗುಂಪಿನ ಹಿಂದೆ, ಅಂಚಿನಲ್ಲಿ ನಿಲ್ಲಿ. ಗಾಬರಿಯಾದರೆ ಅಂಗಾತ ತಿರುಗಿ ತೇಲಿ. ಈಜಿನ ಶೈಲಿಗೆ ನಿರ್ಬಂಧವಿಲ್ಲ. ರಕ್ಷಣಾ ದೋಣಿ ಹಿಡಿದು ಸುಧಾರಿಸಿಕೊಳ್ಳಲೂಬಹುದು, ಅದನ್ನು ಹಿಡಿದು ಮುಂದೆ ಸಾಗಬಾರದು ಅಷ್ಟೇ. ಆದರೆ ಎದೆ ನೋವು, ನಿಲ್ಲದ ಕೆಮ್ಮು, ನೊರೆ ಅಥವಾ ಗುಲಾಬಿ ಬಣ್ಣದ ಕಫ ಕಂಡರೆ ಅದು ಗಾಬರಿಯಲ್ಲ, ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ. ಕೈ ಎತ್ತಿ ಸಹಾಯ ಕೇಳಿ, ಸ್ಪರ್ಧೆ ಅಲ್ಲಿಗೇ ಬಿಡಿ. ನಲವತ್ತು ದಾಟಿದವರು ತಯಾರಿಗೆ ಮೊದಲು ಬಿಪಿ, ಇಸಿಜಿ ಮಾಡಿಸಿ ವೈದ್ಯರ ಒಪ್ಪಿಗೆ ಪಡೆಯಿರಿ.

ಅಭ್ಯಾಸಕ್ಕೆಂದು ಭದ್ರಾ ನಾಲೆಗೆ ಇಳಿಯಲೇಬೇಡಿ. ಇದನ್ನು ಒತ್ತಿ ಹೇಳುತ್ತೇವೆ. ಸೆಳವಿಗಿಂತ ಅಪಾಯದ್ದು ಪಾಚಿ ಕಟ್ಟಿದ ಕಾಂಕ್ರೀಟ್ ಇಳಿಜಾರು. ಎಂಥ ಈಜುಗಾರನಿಗೂ ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಕಲ್ಲು ಕ್ವಾರಿಯ ಹೊಂಡ, ಮಣ್ಣು ತೆಗೆದು ಗುಂಡಿ ಬಿದ್ದ ಕೆರೆಗಳೂ ಬೇಡ. ಕುಂದುವಾಡ ಕೆರೆ ಊರಿನ ಕುಡಿಯುವ ನೀರು, ಅದಕ್ಕೆ ದಂಡೆಯ ಮೇಲೆ ಓಡುವುದೇ ಸರಿ. ಕೊಳದಲ್ಲೇ ಕೆರೆಯ ಅಭ್ಯಾಸ ಮಾಡಬಹುದು: ಒಂದೇ ಸಾಲಿನಲ್ಲಿ ಮೂವರು ಒಟ್ಟಿಗೆ ಈಜಿ, ಗೋಡೆ ಮುಟ್ಟದೆ ನಡುವೆಯೇ ತಿರುಗಿ, ಆರು ಸಲ ಕೈ ಬೀಸುವಷ್ಟು ಹೊತ್ತು ಕಣ್ಣು ಮುಚ್ಚಿ ಈಜಿ ಎಷ್ಟು ಸೊಟ್ಟ ಹೋಗುತ್ತೀರಿ ನೋಡಿ.

ಇನ್ನು ಸೈಕಲ್. ಹಿಂದೆ ಹಾಕಿದ ಆ ಹತ್ತಾರು ಜನರಲ್ಲಿ ಎಷ್ಟು ಮಂದಿ ಓಟದಲ್ಲಿ ನಿಮ್ಮನ್ನು ದಾಟಿದರು? ದೊಡ್ಡ ಗೇರಿನಲ್ಲಿ ನಿಧಾನ ಒತ್ತಿ ತುಳಿದರೆ ವೇಗವೇನೋ ಬರುತ್ತದೆ, ಸ್ನಾಯು ಸಾಯುತ್ತದೆ. ಗೇರು ಇಳಿಸಿ ನಿಮಿಷಕ್ಕೆ 80ರಿಂದ 90 ಸುತ್ತು ತುಳಿಯಿರಿ. ಬಲಗಾಲು ಕೆಳಗೆ ಬಂದದ್ದನ್ನು 15 ಸೆಕೆಂಡ್ ಎಣಿಸಿ, 20ರಿಂದ 22 ಬರಬೇಕು. ಮೀನಖಂಡವೇ ಹಿಡಿದಿದ್ದರಿಂದ ಸೀಟು ಎತ್ತರವಿದೆಯೇ ಎಂಬ ಅನುಮಾನವೂ ಇದೆ. ಸೀಟಿನಲ್ಲಿ ಕೂತು ಹಿಮ್ಮಡಿಯನ್ನು ಅತಿ ಕೆಳಗಿನ ಪೆಡಲಿನ ಮೇಲಿಡಿ. ಕಾಲು ನೆಟ್ಟಗಾಗಬೇಕು, ಸೊಂಟ ವಾಲಬಾರದು. ಸೊಂಟ ವಾಲಿದರೆ ಸೀಟು ಎತ್ತರ ಎಂದರ್ಥ. ಆಗ ತುಳಿಯುವಾಗಲೆಲ್ಲ ಕಾಲ್ಬೆರಳು ಚಾಚಬೇಕಾಗಿ ಮೀನಖಂಡ ಒಂದು ಗಳಿಗೆಯೂ ಸಡಿಲವಾಗುವುದಿಲ್ಲ.

ಸೆಳೆತ ಎಂದಕೂಡಲೇ ಉಪ್ಪು ಎನ್ನುವ ರೂಢಿ ಇದೆ. ರೂಢಿಯಿಲ್ಲದ ಒತ್ತಡಕ್ಕೆ ಸ್ನಾಯು ದಣಿಯುವುದೇ ಹೆಚ್ಚಿನ ಸಲ ಕಾರಣ. ಹಾಗಾಗಿ ವಾರಕ್ಕೊಮ್ಮೆ ಸೈಕಲ್ ಇಳಿದಕೂಡಲೇ ಓಡಿ: ಮೊದಲು 10 ಕಿ.ಮೀ. ಸೈಕಲ್, 1.5 ಕಿ.ಮೀ. ಓಟ, ಎಂಟು ವಾರದಲ್ಲಿ 20 ಮತ್ತು 4ಕ್ಕೆ ತನ್ನಿ. ಕಾಲು ಮರದ ಕೊರಡಿನಂತೆ ಅನ್ನಿಸುವುದು ಸಹಜ. ವಿಚಿತ್ರವೆಂದರೆ ಆಗ ನಿಧಾನ ಓಡುತ್ತಿದ್ದೇವೆ ಅನ್ನಿಸುತ್ತದೆ, ಗಡಿಯಾರ ನೋಡಿದರೆ ವೇಗ ಹೆಚ್ಚಿರುತ್ತದೆ. ನಿಮ್ಮ 10 ಕಿ.ಮೀ. ವೇಗ ಕಿಲೋಮೀಟರಿಗೆ ಐದೂವರೆ ನಿಮಿಷ. ಟ್ರಯಥ್ಲಾನ್‌ನ ಮೊದಲ ಕಿಲೋಮೀಟರನ್ನು ಆರು ನಿಮಿಷಕ್ಕಿಂತ ಬೇಗ ಓಡಬೇಡಿ.

ಪ್ರಶ್ನೆ: ಚಿತ್ರದುರ್ಗದಲ್ಲಿ ಶಿಕ್ಷಕಿ. 32 ಮಿ.ಮೀ. ಟೈರಿನ ಸಾಮಾನ್ಯ ಗೇರ್ ಸೈಕಲ್ ಇದೆ. ಇದರಲ್ಲೇ ಸ್ಪರ್ಧಿಸಬಹುದೇ? ವಾರಕ್ಕೆರಡು ಪಂಕ್ಚರ್ ಆಗುತ್ತಿದೆ. ಗಾಳಿಗಂತೂ ಸಾಕಾಗಿಹೋಗಿದೆ.

ಉತ್ತರ: ಧಾರಾಳವಾಗಿ ಸ್ಪರ್ಧಿಸಿ ಮೇಡಂ. ಎರಡೂ ಬ್ರೇಕ್ ಹಿಡಿಯಬೇಕು, ಹ್ಯಾಂಡಲಿನ ತುದಿಗೆ ಮುಚ್ಚಳ ಇರಬೇಕು, ಹೆಲ್ಮೆಟ್ ಸರಿಯಾಗಿ ಕೂರಬೇಕು. ಬುಟ್ಟಿ, ಸ್ಟ್ಯಾಂಡ್ ಬಿಚ್ಚಿಡಿ. ಹೊಸ ಸೈಕಲ್ಲಿಗೆ ಮೊದಲು ಒಳ್ಳೆಯ ಟೈರಿಗೆ ದುಡ್ಡು ಹಾಕಿ.

ವಾರಕ್ಕೆರಡು ಪಂಕ್ಚರ್ ಎಂದರೆ ಬಹುಶಃ ಒಂದೇ ಮುಳ್ಳು ಎರಡು ಸಲ ಚುಚ್ಚುತ್ತಿದೆ. ನಮ್ಮ ರಸ್ತೆ ಬದಿಯ ಬಳ್ಳಾರಿ ಜಾಲಿಯ ಮುಳ್ಳು ಟೈರಿನೊಳಗೆ ಮುರಿದು ಕೂರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಹೆದ್ದಾರಿ ಅಂಚಿನಲ್ಲಾದರೆ ಸಿಡಿದ ಲಾರಿ ಟೈರಿನ ತಂತಿ ಚೂರುಗಳದ್ದೂ ಇದೇ ಕಥೆ. ಟ್ಯೂಬ್ ಬದಲಿಸುವಾಗ ಹಳೆಯದಕ್ಕೆ ಗಾಳಿ ತುಂಬಿ ತೂತು ಹುಡುಕಿ, ವಾಲ್ವಿನ ಜಾಗ ಹೊಂದಿಸಿ ಟೈರಿನ ಪಕ್ಕ ಹಿಡಿಯಿರಿ. ಮುಳ್ಳು ಟೈರಿನ ಯಾವ ಭಾಗದಲ್ಲಿದೆ ಎಂದು ತಿಳಿಯುತ್ತದೆ. ಬೆರಳಿಗೆ ಬಟ್ಟೆ ಸುತ್ತಿ ಟೈರಿನ ಒಳಮೈ ಪೂರ್ತಿ ಸವರಿ. ಬಟ್ಟೆ ಸಿಕ್ಕಿಕೊಂಡ ಕಡೆ ಚಿಮುಟದಿಂದ ಕೀಳಿ. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿಯೇ ಒಳಗೆ ಕೂರಿಸಿ, ಟೈರಿನ ಅಂಚನ್ನು ಕೈಯಿಂದಲೇ ಸೇರಿಸಿ. ಟೈರು ಬಿಚ್ಚುವ ಪಟ್ಟಿ ಹಾಕಿ ಮೀಟಿದರೆ ಟ್ಯೂಬು ಕಚ್ಚಿಕೊಂಡು ಹೊಸ ಪಂಕ್ಚರ್. 60 ಕಿಲೋ ತೂಕದವರಿಗೆ 32 ಮಿ.ಮೀ. ಟೈರಿಗೆ 55ರಿಂದ 65 ಪಿಎಸ್‌ಐ ಸಾಕು. ಅಂಗಡಿಯಲ್ಲಿ ಕಲ್ಲಿನಂತೆ ತುಂಬಿಸಿಕೊಂಡರೆ ಮೈಕೈ ನೋವು ಬಿಟ್ಟರೆ ಲಾಭವಿಲ್ಲ. ಎರಡು ಟ್ಯೂಬು, ಎರಡು ಪಟ್ಟಿ, ಒಂದು ಪಂಪು ಜೊತೆಗಿರಲಿ.

ನಿಮ್ಮ ಜೋಗಿಮಟ್ಟಿ ಬೆಟ್ಟದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಿರುವುದು ಅಂದಕ್ಕಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋಗುವಾಗ ಅಷ್ಟೇ ವೇಗದ ಎದುರುಗಾಳಿ ಇದ್ದರೆ ತಡೆ ನಾಲ್ಕು ಪಟ್ಟು. ಅದಕ್ಕೇ ಮೀಟರಿನ ವೇಗ ನೋಡಬೇಡಿ, ಉಸಿರು ನೋಡಿ; ಒಂದು ಪುಟ್ಟ ವಾಕ್ಯ ಮಾತಾಡಲು ಬರುತ್ತಿರಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ, ನೈಋತ್ಯದ ಗಾಳಿ. ಆಗ ಮೊದಲು ಪಶ್ಚಿಮದ ಕಡೆ ಹೊರಟು, ದಣಿದು ಮರಳುವಾಗ ಗಾಳಿ ಬೆನ್ನಿಗಿರುವಂತೆ ನೋಡಿಕೊಳ್ಳಿ. ಲಾರಿಯ ಹಿಂದೆ ಅಡಗುವ ಉಪಾಯ ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಸ್ಪರ್ಧೆಯಲ್ಲಿ ಮುಂದಿನವರ ಹಿಂದೆ ಅಂಟಿಕೊಂಡು ಹೋಗುವುದಕ್ಕೂ ಹೆಚ್ಚಿನ ಕಡೆ ದಂಡ ಇದೆ. ದೀರ್ಘ ದೂರದ ಟ್ರಯಥ್ಲಾನ್ ಸ್ಪರ್ಧೆಯಾದ ಐರನ್‌ಮ್ಯಾನ್‌ನ ನಿಯಮದಲ್ಲಿ ಹವ್ಯಾಸಿಗಳು 12 ಮೀಟರ್ ಅಂತರ ಬಿಡಬೇಕು, ಆ ಅಂತರದೊಳಗೆ ಹೋದರೆ 25 ಸೆಕೆಂಡಿನಲ್ಲಿ ದಾಟಿಬಿಡಬೇಕು.

ಪ್ರಶ್ನೆ: ಹರಿಹರದ ವಿದ್ಯಾರ್ಥಿ. ಸ್ಪರ್ಧೆಯ ನಡುವೆ ಶಕ್ತಿಗೆಂದು ತಿನ್ನುವ ಜೆಲ್‌ಗಳ ಬೆಲೆ ಕೈಗೆಟಕುವುದಿಲ್ಲ. ಮನೆಯ ಆಹಾರದಲ್ಲೇ ಆಗುತ್ತದೆಯೇ? ಒಆರ್‌ಎಸ್ ಕುಡಿದರೆ ಸಾಲದೇ?

ಉತ್ತರ: ಸ್ಪ್ರಿಂಟ್ ದೂರಕ್ಕೆ ಜೆಲ್ ಬೇಕೇ ಇಲ್ಲ. ಒಆರ್‌ಎಸ್ ಭೇದಿಗೆ ಮಾಡಿದ ಔಷಧಿ: ಒಂದು ಲೀಟರಿನಲ್ಲಿ ಗ್ಲೂಕೋಸ್ 13.5 ಗ್ರಾಂ ಮಾತ್ರ, ಉಪ್ಪಿನಂಶ ಸಾಕಷ್ಟು. ಒಂದು ಗಂಟೆಗೂ ಮೀರಿದ ಶ್ರಮಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಬೇಕು. ಅಂದರೆ ಒಆರ್‌ಎಸ್ ಉಪ್ಪು ಕೊಡುತ್ತದೆ, ಹೊಟ್ಟೆ ತುಂಬಿಸುವುದಿಲ್ಲ. 750 ಮಿ.ಲೀ. ಬಾಟಲಿಗೆ ಸಕ್ಕರೆ 45 ಗ್ರಾಂ, ಉಪ್ಪು ಕಾಲು ಟೀ ಚಮಚ, ಅರ್ಧ ಹೋಳು ನಿಂಬೆ. ಇದಕ್ಕಿಂತ ಹೆಚ್ಚು ಸಿಹಿ ಮಾಡಿದರೆ ಹೊಟ್ಟೆಯಲ್ಲೇ ನಿಂತು ತೊಳಸುತ್ತದೆ. ಒಂದು ಏಲಕ್ಕಿ ಬಾಳೆಹಣ್ಣಿನಲ್ಲಿ 12ರಿಂದ 15 ಗ್ರಾಂ ಸಿಗುತ್ತದೆ, ಸೈಕಲ್ ಮೇಲೆ ತಿನ್ನಲೂ ಸಲೀಸು.

ಸ್ಪರ್ಧೆಯ ಬೆಳಿಗ್ಗೆ ಎರಡೂವರೆ ಗಂಟೆ ಮೊದಲು ನಾಲ್ಕು ಇಡ್ಲಿ, ಎರಡು ಬಾಳೆಹಣ್ಣು. ಚಟ್ನಿ ನೆಪಕ್ಕಷ್ಟೇ. ಮುದ್ದೆ ಒಳ್ಳೆಯದೇ, ಆದರೆ ನಾರಿನಂಶದಿಂದ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಹಿಂದಿನ ದಿನದ ಮಧ್ಯಾಹ್ನಕ್ಕೇ ಮುಗಿಸಿ. ಬೆಣ್ಣೆ ದೋಸೆ, ಮಂಡಕ್ಕಿ ಮಿರ್ಚಿ ಸ್ಪರ್ಧೆ ಮುಗಿದ ಮೇಲೆ ನಿಮ್ಮ ಹಕ್ಕು, ಮೊದಲಲ್ಲ.

ನೀರಿನ ಅಳತೆ ಒಬ್ಬೊಬ್ಬರಿಗೆ ಒಂದೊಂದು. ಒಂದು ಗಂಟೆ ಓಡುವ ಮೊದಲು, ಆಮೇಲೆ ಮೈ ಒರೆಸಿಕೊಂಡು ತೂಕ ನೋಡಿ. 64 ಇದ್ದದ್ದು 63.2 ಆಗಿ, ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಬೆವರು 1.3 ಲೀಟರ್. ಅದರ ಅರ್ಧದಿಂದ ಮುಕ್ಕಾಲು ಪಾಲು ಮರಳಿ ಕುಡಿದರೆ ಸಾಕು. ಮುಗಿಸಿದಾಗ ತೂಕ ಹೆಚ್ಚಿದ್ದರೆ ಅತಿಯಾಗಿ ಕುಡಿದಿದ್ದೀರಿ. ಬರೀ ನೀರು ಮಿತಿಮೀರಿದರೆ ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಕುತ್ತು.

ಪ್ರಶ್ನೆ: ಹಿರಿಯೂರಿನಿಂದ. ಹಾಫ್ ಮ್ಯಾರಥಾನ್ ಓಡಿದ್ದೇನೆ. ಸ್ಪ್ರಿಂಟ್ ಬಿಟ್ಟು ನೇರ ಗೋವಾದ ಐರನ್‌ಮ್ಯಾನ್ 70.3ಕ್ಕೆ ಹೋಗಬಹುದೇ? ಅದಕ್ಕೆ ವೆಟ್‌ಸೂಟ್ (ಮೈಗಂಟುವ ರಬ್ಬರ್ ಈಜುಡುಪು) ಬೇಕೇ?

ಉತ್ತರ: ವೆಟ್‌ಸೂಟ್‌ಗೆ ದುಡ್ಡು ಸುರಿಯಬೇಡಿ. ನೀರು 24.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿದ್ದರೆ ಅದನ್ನು ತೊಟ್ಟವರಿಗೆ ವಯೋವರ್ಗದ ಬಹುಮಾನವಿಲ್ಲ, ಗೋವಾದ ಸಮುದ್ರ ಬೆಚ್ಚಗೇ ಇರುತ್ತದೆ.

70.3 ಎಂಬುದು ಮೈಲಿ ಲೆಕ್ಕ: 1.9 ಕಿ.ಮೀ. ಈಜು, 90 ಸೈಕಲ್, 21.1 ಓಟ. ಸಾಮಾನ್ಯ ಗಡುವು ಈಜಿಗೆ 1 ಗಂಟೆ 10 ನಿಮಿಷ, ಸೈಕಲ್ ಮುಗಿಯುವಾಗ ಒಟ್ಟು ಐದೂವರೆ ಗಂಟೆ, ಕೊನೆಗೆ ಎಂಟೂವರೆ. ಈಜಿನ ಗಡುವು ಎಂದರೆ 100 ಮೀಟರಿಗೆ 3 ನಿಮಿಷ 41 ಸೆಕೆಂಡ್. ಕೊಳದಲ್ಲಿ 2 ಕಿ.ಮೀ.ಯನ್ನು ನಿಲ್ಲದೆ ಒಂದು ಗಂಟೆಯೊಳಗೆ ಈಜಲು ಬಂದ ಮೇಲೆ ಹೆಸರು ಕೊಡಿ, ಅದಕ್ಕೆ ಮೊದಲು ಬೇಡ. ಈಜಿಗೆ 1 ಗಂಟೆ 5 ನಿಮಿಷ, ಬಟ್ಟೆ ಬದಲಿಗೆ 10, ಗಂಟೆಗೆ 25 ಕಿ.ಮೀ. ವೇಗದಲ್ಲಿ ಸೈಕಲ್‌ಗೆ 3 ಗಂಟೆ 36 ನಿಮಿಷ, ಮತ್ತೆ 5, ಕಿಲೋಮೀಟರಿಗೆ 8 ನಿಮಿಷದಂತೆ ಓಟಕ್ಕೆ 2 ಗಂಟೆ 49: ಒಟ್ಟು 7 ಗಂಟೆ 45. ಉಳಿದ ಮುಕ್ಕಾಲು ಗಂಟೆಯಲ್ಲಿ ಪಂಕ್ಚರ್, ಸೆಳೆತ, ಸೆಖೆ ಎಲ್ಲವೂ ಹಿಡಿಯಬೇಕು.

ಸೆಖೆಯನ್ನು ಹಗುರವಾಗಿ ಕಾಣಬೇಡಿ. ಹಿರಿಯೂರಿನ ಬಿಸಿಲು ಒಣ ಬಿಸಿಲು. ಬೆವರು ಆರಿ ಮೈ ತಣಿಯುತ್ತದೆ. ಕರಾವಳಿಯಲ್ಲಿ ಬೆವರು ಸುರಿಯುತ್ತದೆ, ಆರುವುದಿಲ್ಲ. ಊರಿನ ವೇಗ ಅಲ್ಲಿ ನಡೆಯದು. ಕೊನೆಯ ಎರಡು ವಾರ ದಿನ ಬಿಟ್ಟು ದಿನ ಬಿಸಿಲೇರಿದ ಮೇಲೆ 40 ನಿಮಿಷ ನಿಧಾನ ಓಡಿ ದೇಹಕ್ಕೆ ರೂಢಿ ಮಾಡಿಸಿ. ಸ್ಪರ್ಧೆಯಲ್ಲಿ ಪ್ರತಿ ನೀರಿನ ಮೇಜಿನ ಬಳಿ ನಡೆಯಿರಿ, ತಲೆಗೆ ನೀರು ಹೊಯ್ದುಕೊಳ್ಳಿ. ಮೈ ನಡುಕ, ಮಾತು ತೊದಲು, ದಿಕ್ಕು ತಪ್ಪಿದಂತೆ ಅನ್ನಿಸಿದರೆ ನಿಂತುಬಿಡಿ.

ಪ್ರಶ್ನೆ: ಈಜು ಮುಗಿಸಿ ಬಂದು ಸೈಕಲ್ ಹತ್ತುವಾಗ ಮೊದಲು ಏನು? ಸಮಯ ಅಳೆಯುವ ಚಿಪ್ ಯಾವ ಕಾಲಿಗೆ? (ದಾವಣಗೆರೆ)

ಉತ್ತರ: ಮೊದಲು ಹೆಲ್ಮೆಟ್, ಅದರ ಪಟ್ಟಿ ಬಿಗಿದು. ಆಮೇಲೆ ಕಾಲೊರೆಸಿಕೊಂಡು ಶೂ, ನಂಬರಿನ ಬೆಲ್ಟ್ ಬೆನ್ನಿಗೆ. ಸೈಕಲ್ ಮುಟ್ಟುವುದು ಎಲ್ಲಕ್ಕಿಂತ ಕೊನೆಗೆ, ಹತ್ತುವುದು ಅದಕ್ಕೆಂದೇ ಎಳೆದ ಗೆರೆ ದಾಟಿದ ಮೇಲೆ. ಪಟ್ಟಿ ಬಿಗಿಯದೆ ಸೈಕಲ್ ತೆಗೆದರೆ ದಂಡ. ಓಡುವಾಗ ನಂಬರನ್ನು ಹೊಟ್ಟೆಯ ಕಡೆಗೆ ತಿರುಗಿಸಿ. ಶೂ ಒಳಗೆ ಹಿಂದಿನ ರಾತ್ರಿಯೇ ಚೂರು ಪೌಡರ್ ಹಾಕಿಡಿ, ಒದ್ದೆ ಕಾಲು ಜಾರಿ ಒಳಗೆ ಹೋಗುತ್ತದೆ. ಚಿಪ್ ಎಡಗಾಲಿಗೆ, ಬಲಗಡೆ ಚೈನ್ ಇರುತ್ತದೆ.