ಆಪರೇಷನ್ ಹೊತ್ತಲ್ಲಿ ಅರಿವು ಎಲ್ಲಿರುತ್ತದೆ?

ನಾನು ಬೆಳಗಾವಿಯಲ್ಲಿ ಅನಸ್ತೇಶಿಯಾ ಡಾಕ್ಟರ್. ಜನರ ಎಚ್ಚರ ತಪ್ಪಿಸುವುದು, ಮತ್ತೆ ಎಬ್ಬಿಸುವುದು ನನ್ನ ಕೆಲಸ. ಅದಕ್ಕೇ ಇರಬೇಕು, ಆತ್ಮ, ಪ್ರಜ್ಞೆ, ಸತ್ತ ಮೇಲೆ ಏನು ಅನ್ನುವ ಪ್ರಶ್ನೆಗಳೆಲ್ಲ ನನ್ನ ತಲೆಗೇ ಬೀಳುತ್ತವೆ. ಬಂದವೇ ಮತ್ತೆ ಮತ್ತೆ ಬರುತ್ತವೆ. ಈ ಸಲ ಒಂದಕ್ಕೆ ಪೂರ್ತಿ ಉತ್ತರ ಕೊಡುತ್ತೇನೆ, ಉಳಿದವಕ್ಕೆ ನನಗೆ ಅಷ್ಟು ತಾಳ್ಮೆ ಇಲ್ಲ.

ಡಾಕ್ಟ್ರೇ, ನಮ್ಮವ್ವಗ ಗರ್ಭಚೀಲದ ಆಪರೇಷನ್ ಆತು. ಮೂರು ತಾಸು ಹಿಡೀತು. ಆಕಿಗೆ ಮಾತ್ರ ಕಣ್ಣು ಮುಚ್ಚಿ ತೆರದಂಗ ಅನಿಸೈತಿ. ಅಷ್ಟೊತ್ತು ಆಕಿ ಜೀವ ಎಲ್ಲಿತ್ರಿ? ಆತ್ಮ ಹೊರಗ ಹೋಗಿ ಬರ್ತೈತಿ ಅಂತ ನಮ್ಮೂರಾಗ ಒಬ್ಬರು ಹೇಳ್ತಾರ. (ಅಥಣಿಯಿಂದ ಒಬ್ಬರು)

ಜೀವ ಅಲ್ಲೇ ಇತ್ತು. ಹೃದಯ ಬಡಿಯುತ್ತಿತ್ತು, ಮಾನಿಟರ್ ನೋಡುತ್ತಾ ನನ್ನಂಥವರೊಬ್ಬರು ತಲೆಯ ಹತ್ತಿರವೇ ಕೂತಿದ್ದರು. ನಿಂತದ್ದು ಅರಿವು ಮಾತ್ರ.

ಸೂಜಿಯಲ್ಲಿ ಕೊಡುವ ಬಿಳಿ ಔಷಧದ ಹೆಸರು ಪ್ರೊಪೊಫಾಲ್. ಮಿದುಳಿನಲ್ಲಿ ನರಕೋಶಗಳನ್ನು ಸುಮ್ಮನಿರಿಸುವ ಗಾಬಾ ಅನ್ನುವ ರಾಸಾಯನಿಕ ಇದೆ, ಈ ಔಷಧ ಅದರ ಕೈ ಬಲಪಡಿಸುತ್ತದೆ. ಹಾಗಂತ ಮಿದುಳು ಪೂರ್ತಿ ಆಫ್ ಆಯಿತು ಅಂದುಕೊಳ್ಳಬೇಡಿ. ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ಬರೆದು ತೋರಿಸುವ ಯಂತ್ರ) ಹಚ್ಚಿ ನೋಡಿದರೆ ಅಲೆಗಳು ದೊಡ್ಡದಾಗಿ, ನಿಧಾನವಾಗಿ ಏಳುತ್ತಲೇ ಇರುತ್ತವೆ. ಕಿವಿಗೆ ಬಿದ್ದ ಸದ್ದು ಮಿದುಳಿನ ಮೊದಲ ಬಾಗಿಲ ತನಕ ಬರುವುದೂ ಉಂಟು. ಅಲ್ಲಿಂದ ಮುಂದೆ ಸುದ್ದಿ ಹೋಗುವುದಿಲ್ಲ, ಅಷ್ಟೇ. ಒಂದು ಭಾಗ ಇನ್ನೊಂದರ ಜೊತೆ ಮಾತು ಬಿಟ್ಟಿರುತ್ತದೆ.

ಇದನ್ನು ಸುಮ್ನೆ ಊಹೆಯಿಂದ ಹೇಳುತ್ತಿಲ್ಲ. 2005ರಲ್ಲಿ ಮಸಿಮಿನಿ, ಟೊನೊನಿ ಅನ್ನುವ ವಿಜ್ಞಾನಿಗಳು ಮತ್ತು ಜೊತೆಗಾರರು ತಲೆಯ ಹೊರಗಿನಿಂದಲೇ ಅಯಸ್ಕಾಂತದ ಒಂದು ಸಣ್ಣ ಪೆಟ್ಟು ಕೊಟ್ಟು, ಮಿದುಳು ಏನು ಮಾಡುತ್ತದೆ ಅಂತ ನೋಡಿದರು. ಗೋಳಗುಮ್ಮಟದ ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ಹೊಡೆದಿದ್ದೀರಲ್ಲ, ಎಚ್ಚರ ಇದ್ದವರ ಮಿದುಳಿನಲ್ಲಿ ಆದದ್ದು ಹಾಗೇ: ಪೆಟ್ಟು ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಮತ್ತೆಲ್ಲಿಗೋ ಹರಡಿ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಹೊತ್ತು ಮಾರ್ದನಿ ಕೊಟ್ಟಿತು. ಗಾಢ ನಿದ್ದೆಯಲ್ಲಿ ಪೆಟ್ಟು ಬಿದ್ದ ಜಾಗದಲ್ಲೇ ಬೇಗ ಸತ್ತುಹೋಯಿತು. ಆಮೇಲೆ ಪ್ರೊಪೊಫಾಲ್ ಕೊಟ್ಟು ನೋಡಿದಾಗಲೂ ಮಾರ್ದನಿ ಬರಲಿಲ್ಲ.

ನನಗೆ ಇಷ್ಟವಾದ ಭಾಗ ಇನ್ನು ಮುಂದಿದೆ. ಕೆಟಮಿನ್ ಅನ್ನುವ ಇನ್ನೊಂದು ಔಷಧ ಉಂಟು. ಸಾಕಷ್ಟು ಕೊಟ್ಟರೆ ರೋಗಿ ಕರೆದರೂ ಓಗೊಡುವುದಿಲ್ಲ. ಆದರೆ ಅದೇ ಪರೀಕ್ಷೆ ಮಾಡಿದಾಗ ಮಾರ್ದನಿ ಎಚ್ಚರ ಇದ್ದವರ ಹಾಗೇ ಬಂತು! ಎದ್ದ ಮೇಲೆ ಕೇಳಿದರೆ ಉದ್ದುದ್ದ ಕನಸು ಕಂಡೆವು ಅಂದರು. ಕೆಟಮಿನ್ ತಗೊಂಡ ಕೆಲವರು ಮೇಲೆ ತೇಲಿ ತಮ್ಮ ಮೈಯನ್ನೇ ನೋಡಿದ್ದಾಗಿ ಹೇಳುತ್ತಾರೆ. ಆತ್ಮ ಹೊರಗೆ ಹೋಗಿ ಬಂತು ಅಂತ ನಿಮ್ಮೂರಿನವರು ಹೇಳುವ ಅನುಭವ ನನ್ನ ಟ್ರೇಯಲ್ಲಿರುವ ಒಂದು ಬಾಟಲಿಯಿಂದಲೂ ಬರುತ್ತದೆ ಅಂದಮೇಲೆ ಅದನ್ನು ಸಾಕ್ಷಿ ಅನ್ನುವುದು ಹೇಗೆ? ಅನುಭವ ಸುಳ್ಳು ಅಂತ ನಾನು ಹೇಳುವುದಿಲ್ಲ. ಅದರ ಮೇಲೆ ಕಟ್ಟಿದ ಕತೆ ಬೇಡ.

ನರಕೋಶ ಜಾಸ್ತಿ ಇದ್ದರೆ ಅರಿವೂ ಜಾಸ್ತಿ ಅನ್ನುವ ಲೆಕ್ಕವೂ ನಡೆಯುವುದಿಲ್ಲ. ಮಿದುಳಿನ ಸುಮಾರು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಹಿಂಭಾಗದ ಸಣ್ಣ ಮಿದುಳಿನಲ್ಲೇ ಇವೆ. ಅದಕ್ಕೆ ಪೆಟ್ಟಾದರೆ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಅರಿವು ಮಾತ್ರ ಉಳಿಯುತ್ತದೆ. ಅದೇ ಮಿದುಳಿನ ಕಾಂಡದಲ್ಲಿ ತಕ್ಕ ಜಾಗದಲ್ಲಿ ಸಣ್ಣ ಗಾಯವಾದರೂ ಸಾಕು, ಮನುಷ್ಯ ಕೋಮಾಕ್ಕೆ ಹೋಗುತ್ತಾನೆ.

ಇಷ್ಟೆಲ್ಲ ಗೊತ್ತಿದ್ದೂ, ನರಕೋಶಗಳ ಈ ಓಡಾಟಕ್ಕೆ 'ನನಗೆ ನೋವಾಗುತ್ತಿದೆ' ಅನ್ನುವ ಒಳಗಿನ ಅನುಭವ ಯಾಕೆ ಅಂಟಿಕೊಂಡಿದೆ ಅನ್ನುವುದು ಯಾರಿಗೂ ಗೊತ್ತಿಲ್ಲ. 1998ರಲ್ಲಿ ವಿಜ್ಞಾನಿ ಕ್ರಿಸ್ಟಾಫ್ ಕಾಕ್, 25 ವರ್ಷದೊಳಗೆ ಅರಿವಿನ ಗುರುತು ಮಿದುಳಿನಲ್ಲಿ ಖಚಿತವಾಗಿ ಸಿಗುತ್ತದೆ ಅಂತ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಪಂಥ ಕಟ್ಟಿದ್ದರು. 2023ರಲ್ಲಿ ಸೋತು ವೈನ್ ಬಾಟಲಿಗಳನ್ನು ಕೊಟ್ಟರು. ಬೋಸ್ಟನ್‌ನಲ್ಲಿ ಮಾರ್ಟನ್ ಅನ್ನುವ ಹಲ್ಲಿನ ಡಾಕ್ಟರ್ ಈಥರ್ ಕೊಟ್ಟು ಎಚ್ಚರ ತಪ್ಪಿಸಿ ತೋರಿಸಿದ್ದು 1846ರಲ್ಲಿ. ಅವತ್ತಿನಿಂದ ನಾವು ಅರಿವನ್ನು ಆರಿಸಿ ಹಚ್ಚುತ್ತಿದ್ದೇವೆ, ಅದು ಏನು ಅಂತ ಮಾತ್ರ ಹೇಳಲಾರೆವು. ನಿಮಗೆ ಯಾರಾದರೂ ಮೂರು ದಿನದ ಶಿಬಿರದಲ್ಲಿ ಹೇಳಿಕೊಡುತ್ತೇನೆ ಅಂದರೆ ಕಿಸೆ ಹಿಡಿದುಕೊಳ್ಳಿ.

ಅವ್ವನಿಗೆ ಮತ್ತೆ ಆಪರೇಷನ್ ಆಗುವುದಿದ್ದರೆ ಆತ್ಮದ ಚಿಂತೆ ಬಿಡಿ. ತಂಬಾಕು, ಬಿಪಿ ಗುಳಿಗೆ, ನಾಟಿ ಔಷಧ ಎಲ್ಲವನ್ನೂ ಡಾಕ್ಟರ್‌ಗೆ ನಿಜವಾಗಿ ಹೇಳಿ. 'ಏನೂ ತಿಂದಿಲ್ರಿ' ಅಂತ ಹೇಳಿ ಕದ್ದು ಅವಲಕ್ಕಿ ತಿಂದು ಬರುವವರ ಭಯ ನನಗೆ ಯಾವ ದೆವ್ವಕ್ಕಿಂತಲೂ ಜಾಸ್ತಿ. ಎಚ್ಚರ ತಪ್ಪಿದಾಗ ತಿಂದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಕುತ್ತು.

ಅಪ್ಪಾಜಿ ತಲೆಗೆ ಪೆಟ್ಟಾಗಿ ತಿಂಗಳುಗಟ್ಟಲೆ ಮಾತಿಲ್ಲದೆ ಮಲಗಿದ್ದಾರೆ. ನಾವು ಮಾತಾಡಿದ್ದು ಅವರಿಗೆ ಕೇಳಿಸುತ್ತದಾ? (ಬಾಗಲಕೋಟೆ)

ಕೇಳಿಸುತ್ತದೆ ಅಂತಲೇ ತಿಳಿದು ನಡೆದುಕೊಳ್ಳಿ. 2006ರಲ್ಲಿ ಮಿದುಳು ವಿಜ್ಞಾನಿ ಏಡ್ರಿಯನ್ ಓವೆನ್ ಇಂಥದ್ದೇ ಸ್ಥಿತಿಯಲ್ಲಿದ್ದ ಯುವತಿಯೊಬ್ಬಳಿಗೆ 'ಟೆನಿಸ್ ಆಡುತ್ತಿದ್ದೀ ಅಂತ ಕಲ್ಪಿಸಿಕೋ' ಅಂದಾಗ, ಸ್ಕ್ಯಾನಿನಲ್ಲಿ ಅವಳ ಮಿದುಳು ಸರಿಯಾಗಿ ಉತ್ತರ ಕೊಟ್ಟಿತು. 2024ರ ದೊಡ್ಡ ಅಧ್ಯಯನವೊಂದರಲ್ಲಿ, ಹೇಳಿದ ಮಾತಿಗೆ ಮೈ ಅಲುಗಿಸದ ನಾಲ್ವರಲ್ಲಿ ಒಬ್ಬರಿಗೆ ಹೀಗೆ ಒಳಗೊಳಗೇ ಉತ್ತರಿಸುವ ಶಕ್ತಿ ಕಂಡಿತು. ನಿಮ್ಮ ಅಪ್ಪಾಜಿ ಆ ಒಬ್ಬರು ಅಂತ ನಾನು ಭರವಸೆ ಕೊಡಲಾರೆ. ಆದರೆ ಹೊಲದ ಪಾಲಿನ ಜಗಳ, ಬಿಲ್ಲಿನ ಗೋಳು ಹಾಸಿಗೆ ಪಕ್ಕದಲ್ಲಿ ಬೇಡ. ಯಾರೋ ಹೇಳಿದರು ಅಂತ ಮೂಗಿಗೆ ಎಣ್ಣೆ ಬಿಡುವುದಂತೂ ಬೇಡವೇ ಬೇಡ, ನ್ಯುಮೋನಿಯಾ ತರುತ್ತೀರಿ.

ನಾವು ಮಿದುಳನ್ನು 10% ಮಾತ್ರ ಬಳಸುತ್ತೇವಂತೆ, ಹೌದಾ?

ಇಲ್ಲ. ಇದನ್ನು ಇನ್ನು ಕಳಿಸಬೇಡಿ.

ಸತ್ತಾಗ 21 ಗ್ರಾಂ ತೂಕ ಇಳಿಯುತ್ತದಂತೆ, ಅದೇ ಆತ್ಮ ಅಲ್ವಾ?

1907ರಲ್ಲಿ ಡಂಕನ್ ಮ್ಯಾಕ್‌ಡೂಗಲ್ ಅನ್ನುವ ಅಮೆರಿಕದ ಡಾಕ್ಟರ್ ಪ್ರಕಟಿಸಿದ್ದು. ತೂಗಿದ್ದು ಆರು ಜನರನ್ನು, ಈ ಲೆಕ್ಕ ಬಂದದ್ದು ಒಬ್ಬರದ್ದು.

ಮಗನನ್ನು ಮಿಡ್‌ಬ್ರೇನ್ ಆಕ್ಟಿವೇಶನ್ ಕ್ಲಾಸಿಗೆ ಹಾಕಲಾ? ಕಣ್ಣಿಗೆ ಬಟ್ಟೆ ಕಟ್ಟಿದರೂ ಓದುತ್ತಾರಂತೆ. (ವಿಜಯಪುರ)

ಮಿಡ್‌ಬ್ರೇನ್ ಅಂದರೆ ಮಿದುಳಿನ ಕಾಂಡದ ಮೇಲಿನ ಭಾಗ. ಅದು ಕೆಲಸ ಮಾಡದಿದ್ದರೆ ನಿಮ್ಮ ಮಗ ಎಚ್ಚರವೇ ಇರುತ್ತಿರಲಿಲ್ಲ. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ. ಕಲಿಸುವುದು ಅದನ್ನೇ, ಜೊತೆಗೆ ಸುಳ್ಳು ಹೇಳುವುದನ್ನು. ಕಣ್ಣಿನ ಬಟ್ಟೆ ಬಿಚ್ಚಿಸಿ, ರಾತ್ರಿ ಕೋಣೆಯ ಲೈಟ್ ಆರಿಸಿ, ಪೇಪರ್ ಕೈಗೆ ಕೊಡಿ. ಗಟ್ಟಿಯಾಗಿ ಓದಿದರೆ ಫೀಸು ಕಟ್ಟಿ.